ಪ್ಲಸ್ ಮೇಜ್‌ನಲ್ಲಿ ನಿಯಂತ್ರಣ ಗುಂಪಿನ ಇಲಿಗಳೂ ತೆರೆದ ತೋಳಿಗೆ ಬರುತ್ತಿಲ್ಲವೆಂಬ ಪ್ರಶ್ನೆಗೆ

ಇಲಿಗಳ ಆತಂಕವನ್ನು ಅಳೆಯುವ ಪ್ಲಸ್ ಮೇಜ್‌ನಲ್ಲಿ (ನೆಲದಿಂದ ಎತ್ತರದಲ್ಲಿರಿಸಿದ, ಎರಡು ತೋಳುಗಳಿಗೆ ಗೋಡೆಯಿದ್ದು ಇನ್ನೆರಡು ತೆರೆದಿರುವ, ಕೂಡು ಚಿಹ್ನೆಯಾಕಾರದ ವೇದಿಕೆ) ನಿಯಂತ್ರಣ ಗುಂಪಿನ, ಅಂದರೆ ಔಷಧ ಕೊಡದ ಇಲಿಗಳೂ ತೆರೆದ ತೋಳುಗಳಿಗೆ ಕಾಲಿಡುತ್ತಿಲ್ಲ, ಪಿಎಚ್‌.ಡಿ.ಯ ಎರಡನೆಯ ವರ್ಷವೇ ವ್ಯರ್ಥವಾಯಿತೇ ಎಂದು ಕೇಳಿದ್ದೀರಿ. ಅವುಗಳನ್ನು ಬಾಲ ಹಿಡಿದು ಎತ್ತುತ್ತಿರುವುದಾಗಿ ನೀವೇ ಬರೆದಿರುವುದರಿಂದ ಕಾರಣ ಬಹುಮಟ್ಟಿಗೆ ಅಲ್ಲಿಯೇ ಇದೆ. ಹಾಗೆ ಎತ್ತಿದ ಇಲಿಗಳಲ್ಲಿ ಆತಂಕ ಹೆಚ್ಚುತ್ತದೆ ಎಂಬುದನ್ನು 2010ರ ಅಧ್ಯಯನವೊಂದು ಇದೇ ಮೇಜ್‌ನಲ್ಲಿ ತೋರಿಸಿದೆ. ನನ್ನ ಮೊದಲ ತಂಡದ ಇಲಿಗಳೂ ಮುಚ್ಚಿದ ತೋಳಿನ ಗೋಡೆಗೆ ಮೈ ಒತ್ತಿಕೊಂಡು, ಮೂತಿಯನ್ನಷ್ಟೇ ಹೊರಚಾಚಿ, ಐದು ನಿಮಿಷವನ್ನೂ ಹಾಗೆಯೇ ಕಳೆದಿದ್ದವು.

ಮೊದಲು ಈಗಿರುವ ಇಲಿಗಳನ್ನೇ ಮತ್ತೆ ಮೇಜ್‌ಗೆ ಬಿಡುವುದನ್ನು ನಿಲ್ಲಿಸಿ, ಏಕೆಂದರೆ ಒಮ್ಮೆ ಕಂಡ ಮೇಜ್‌ನಲ್ಲಿ ಅವು ತೆರೆದ ತೋಳುಗಳನ್ನು ಇನ್ನಷ್ಟು ದೂರವಿಡುತ್ತವೆ. ಹೊಸ ತಂಡವನ್ನು ಒಂದು ವಾರ ಕಾಲ ಪ್ರತಿದಿನ ಪಾರದರ್ಶಕ ಕೊಳವೆಯಲ್ಲಿ ಅಥವಾ ಬೊಗಸೆಯಲ್ಲಿ ಎತ್ತಿ ಅಭ್ಯಾಸ ಮಾಡಿಸಿ. ಪಂಜರ ಶುಚಿಗೊಳಿಸುವ ಸಿಬ್ಬಂದಿಯೂ ಇದನ್ನೇ ಪಾಲಿಸದಿದ್ದರೆ ನಿಮ್ಮ ಶ್ರಮವೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಈ ಬದಲಾವಣೆಗೆ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕೇ ಎಂಬುದನ್ನು ಮಾರ್ಗದರ್ಶಕರಲ್ಲಿ ಮೊದಲೇ ವಿಚಾರಿಸಿ. ಪರೀಕ್ಷೆಯ ದಿನ ಇಲಿಗಳನ್ನು ಒಂದು ಗಂಟೆ ಮುಂಚೆ ಕೋಣೆಗೆ ತಂದಿರಿಸಿ, ಪ್ರತಿ ಇಲಿಯ ನಂತರ ಮೇಜ್ ಒರೆಸಿ, ವಾಸನೆ ಆರುವವರೆಗೆ ಕಾಯಿರಿ.

ದೀಪದ ಪ್ರಖರತೆಯೂ ಕಾರಣವಾಗಿರಬಹುದು; ನಿಮ್ಮ ವಿವರಣೆಯಿಂದ ಅದನ್ನು ತಳ್ಳಿಹಾಕಲಾಗದು. ಆದ್ದರಿಂದ ಲಕ್ಸ್ ಮೀಟರ್‌ನಿಂದ ನಾಲ್ಕೂ ತೋಳುಗಳ ಬೆಳಕನ್ನು ಅಳೆದು ಬರೆದಿಟ್ಟುಕೊಳ್ಳಿ. ಔಷಧವನ್ನು ಮುಟ್ಟದೆ, ಎಂಟು–ಹತ್ತು ನಿಯಂತ್ರಣ ಇಲಿಗಳಲ್ಲಿ ಮಾತ್ರ ಮೊದಲು ಪರೀಕ್ಷಿಸಿ. ಅವು ತೆರೆದ ತೋಳಿಗೆ ಬರತೊಡಗಿದ ಮೇಲೆ ಪೂರ್ಣ ಪ್ರಯೋಗವನ್ನು ಆರಂಭಿಸಿ.