ರಾತ್ರಿ ಹನ್ನೆರಡು ದಾಟಿದರೆ ಟೆಸ್ಟ್ ಫೇಲ್ ಆಗುವುದೇಕೆ?

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿ, ಸಾಲದ ಕಂತಿನ ಲೆಕ್ಕ ಹಾಕುವ ಪೈಥಾನ್ ಪ್ರಾಜೆಕ್ಟ್ ಒಂದರಲ್ಲಿದ್ದೇನೆ. ಗಡುವು ದಾಟಿದರೆ ದಂಡ ಸೇರಿಸುವ ಫಂಕ್ಷನ್ ಒಳಗೆ, ಇವತ್ತಿನ ದಿನಾಂಕ ಕೊಡುವ 'ಡೇಟ್.ಟುಡೇ' ಇದೆ. ಅದರ ಟೆಸ್ಟ್ ಭಾರತೀಯ ಕಾಲಮಾನದ 'ನಿನ್ನೆ'ಯನ್ನು ಗಡುವಾಗಿ ಕೊಟ್ಟು, ದಂಡ ಬಿತ್ತೇ ಎಂದು ನೋಡುತ್ತದೆ. ಹಗಲಲ್ಲಿ ಪಾಸ್. ಮಧ್ಯರಾತ್ರಿ ಕಳೆದ ಮೇಲೆ ಸರ್ವರ್‌ನಲ್ಲಿ ಓಡಿಸಿದರೆ ಫೇಲ್, ಬೆಳಿಗ್ಗೆ ಮತ್ತೆ ಪಾಸ್! 'ಟುಡೇ'ಯನ್ನು ಮಾಕ್ ಮಾಡಿಬಿಡು, ಅಂದರೆ ಅದರ ಜಾಗದಲ್ಲಿ ನಾವು ಹೇಳಿದ ದಿನ ಕೊಡುವ ನಕಲಿ ಇಡು, ಅಂತಾರೆ ಸೀನಿಯರ್. ಮಾಡಲು ಹೋದರೆ ಟೈಪ್‌ಎರರ್. ಏನು ಮಾಡಲಿ ಸರ್?

ಉತ್ತರ: ಮಾಕ್ ಮಾಡುವ ಅವಸರ ಬೇಡ. ನಿಮ್ಮ ಟೆಸ್ಟ್ ನಿಜವನ್ನೇ ಹೇಳುತ್ತಿದೆ. ಸರ್ವರ್ ಗಡಿಯಾರ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿದೆ ಎಂಬುದಕ್ಕೆ ನೀವು ಹೇಳಿದ ಹೊತ್ತೇ ಸುಳಿವು. ನಮ್ಮ ಕಾಲಮಾನ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದೆ. ಹಾಗಾಗಿ ಮಧ್ಯರಾತ್ರಿಯಿಂದ ಬೆಳಗಿನ ಜಾವ ಐದೂವರೆಯ ತನಕ ಸರ್ವರ್‌ಗೆ ಇನ್ನೂ ಹಿಂದಿನ ದಿನವೇ. ಮಾರ್ಚ್ 31ರ ಗಡುವಿನ ಕಂತನ್ನು ಪುಣೆಯ ಗ್ರಾಹಕರೊಬ್ಬರು ಏಪ್ರಿಲ್ 1ರ ರಾತ್ರಿ 12.15ಕ್ಕೆ ಕಟ್ಟಿದರು ಅನ್ನಿ. ಸರ್ವರ್ ಲೆಕ್ಕದಲ್ಲಿ ಅದು ಮಾರ್ಚ್ 31ರ ಸಂಜೆ 6.45, ಹಾಗಾಗಿ ಬೀಳಬೇಕಾದ ದಂಡ ಬೀಳುವುದಿಲ್ಲ. ಈಗ ಮಾಕ್ ಹಾಕಿ ಟೆಸ್ಟ್‌ನ ಬಾಯಿ ಮುಚ್ಚಿಸಿದರೆ, ಜನರ ದುಡ್ಡಿನ ಲೆಕ್ಕ ತಪ್ಪಾಗಿಯೇ ಉಳಿಯುತ್ತದೆ.

ಟೈಪ್‌ಎರರ್ ಬಂದದ್ದು, ಪೈಥಾನ್‌ನ 'ಡೇಟ್' ಕ್ಲಾಸ್ ಸಿ ಭಾಷೆಯಲ್ಲಿ ರಚಿತವಾದ್ದರಿಂದ. ಅದರ ಮೆಥಡ್‌ಗಳನ್ನು ಬದಲಿಸಲು ಬರುವುದಿಲ್ಲ. ನಿಮ್ಮ ಮಾಡ್ಯೂಲ್‌ನೊಳಗಿನ 'ಡೇಟ್' ಎಂಬ ಹೆಸರನ್ನೇ ಪ್ಯಾಚ್ ಮಾಡಬಹುದು (ಟೆಸ್ಟ್ ಓಡುವಷ್ಟು ಹೊತ್ತು ಬದಲಿಸಬಹುದು), ಇಲ್ಲವೇ ಟೆಸ್ಟ್‌ಗಾಗಿ ಗಡಿಯಾರವನ್ನು ಬೇಕಾದ ಹೊತ್ತಿಗೆ ಇಡುವ ಫ್ರೀಜ್‌ಗನ್, ಟೈಮ್-ಮಷೀನ್ ಲೈಬ್ರರಿಗಳನ್ನು ಬಳಸಬಹುದು. ಕೈ ಹಾಕಲು ಭಯವಾಗುವಂಥ ಹಳೆಯ ಕೋಡಿಗೆ ಇವು ಒಳ್ಳೆಯವೇ. ನಿಮ್ಮದು ಚಿಕ್ಕ ಫಂಕ್ಷನ್, ಅಷ್ಟೆಲ್ಲ ಬೇಕಿಲ್ಲ.

'ಈಗ' ಎಂಬುದನ್ನು ಫಂಕ್ಷನ್‌ಗೆ ಹೊರಗಿನಿಂದ ಕೊಡಿ. ಗಡುವು, ಪಾವತಿಯ ಕ್ಷಣ ಎರಡೂ ಆರ್ಗ್ಯುಮೆಂಟ್ ಆಗಿ ಬರಲಿ. ಬಂದ ಕ್ಷಣವನ್ನು 'ಏಷ್ಯಾ/ಕೋಲ್ಕತಾ' ವಲಯಕ್ಕೆ ತಿರುಗಿಸಿದ ಮೇಲೆಯೇ ಫಂಕ್ಷನ್ ದಿನಾಂಕ ತೆಗೆಯಲಿ. ಗಡಿಯಾರ ಓದುವ ಸಾಲು ಇಡೀ ಪ್ರೋಗ್ರಾಮ್‌ನಲ್ಲಿ ಒಂದೇ ಕಡೆ ಇದ್ದರೆ ಸಾಕು. ಜಾವಾ 8ರಲ್ಲಿ 'ಕ್ಲಾಕ್', ಡಾಟ್‌ನೆಟ್ 8ರಲ್ಲಿ 'ಟೈಮ್‌ಪ್ರೊವೈಡರ್' ಇರುವುದೂ ಹೀಗೆ ಗಡಿಯಾರವನ್ನು ಹೊರಗಿನಿಂದ ಕೊಡಲೆಂದೇ.

ಆಮೇಲೆ ಟೆಸ್ಟ್‌ನಲ್ಲಿ 'ನಿನ್ನೆ', 'ಇವತ್ತು' ಯಾವುದೂ ಬೇಡ. ಕೋಡ್ ಎಡವುವ ಕ್ಷಣಗಳನ್ನೇ ಹುಡುಕಿ ಬರೆಯಿರಿ. ಗಡುವು ಮಾರ್ಚ್ 31 ಆದರೆ, ಅಂದಿನ ಯುಟಿಸಿ 18.29ಕ್ಕೆ ದಂಡ ಇರಬಾರದು, 18.30ಕ್ಕೆ ಇರಬೇಕು. ಮುಂದೆ ಯಾರಾದರೂ ವಲಯದ ಸಾಲನ್ನು ಅಳಿಸಿದರೆ, ಹಗಲಾಗಲಿ ರಾತ್ರಿಯಾಗಲಿ, ಈ ಟೆಸ್ಟ್ ತಕ್ಷಣ ಫೇಲ್ ಆಗುತ್ತದೆ. ಕಂತಿನ ಲೆಕ್ಕವಾದ್ದರಿಂದ 2028ರ ಫೆಬ್ರುವರಿ 29ನ್ನೂ ಸೇರಿಸಿ. ಜನವರಿ 31ಕ್ಕೆ ಶುರುವಾದ ಸಾಲದ ಮುಂದಿನ ಕಂತು ಯಾವತ್ತು ಎಂಬುದನ್ನು ಮಾತ್ರ ನೀವೇ ಊಹಿಸಬೇಡಿ, ಸಾಲದ ನಿಯಮ ಬರೆದವರನ್ನು ಕೇಳಿ.

ಇನ್ನೊಂದು ಎಚ್ಚರಿಕೆ. ಬೇರೆಡೆ ಫ್ರೀಜ್‌ಗನ್ ಬಳಸುವುದಾದರೆ, ನಿಂತ ಗಡಿಯಾರದಲ್ಲಿ ಹೊತ್ತು ಸರಿಯುವುದಿಲ್ಲ. '30 ಸೆಕೆಂಡ್ ಆಗುವವರೆಗೆ ಕಾಯು' ಎನ್ನುವ ಲೂಪ್ ಇದ್ದರೆ ಅದು ಮುಗಿಯುವುದೇ ಇಲ್ಲ. ಅಂಥ ಕಡೆ 'ಟಿಕ್' ಮೆಥಡ್‌ನಿಂದ ಸಮಯವನ್ನು ನೀವೇ ಮುಂದೂಡಬೇಕು.