ಸೈಲೆನ್ಸರ್ ನಟ್ ಜಾಮ್ ಆಗಿದೆಯೇ?

ಪ್ರಶ್ನೆ: ಹಳೆಯ ಬೈಕಿನ ಸೈಲೆನ್ಸರನ್ನು ಮನೆಯಲ್ಲೇ ಬದಲಿಸುತ್ತಿದ್ದೇನೆ. ಎಂಜಿನ್ ಹತ್ತಿರದ ಎರಡು ನಟ್ ತುಕ್ಕು ಹಿಡಿದು ಕೂತಿವೆ. ಏನು ಮಾಡಲಿ?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ದಯವಿಟ್ಟು ಪಾನಾಕ್ಕೆ ಪೈಪ್ ಸಿಕ್ಕಿಸಿ ಜಗ್ಗಬೇಡಿ. ಅಲ್ಲಿರುವುದು ಸಣ್ಣ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್. ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡಿನೊಳಗೆ ಅದು ಮುರಿದರೆ ಡ್ರಿಲ್ ಹಾಕಿಯೇ ತೆಗೆಯಬೇಕಾಗುತ್ತದೆ. ಎಂಜಿನ್ ತಣ್ಣಗಿರುವಾಗ ಸ್ಟಡ್ಡಿನ ಹೊರಗೆ ಕಾಣುವ ಮರೆಗಳನ್ನು (ತಿರುಪಿನ ಗೆರೆಗಳನ್ನು) ತಂತಿ ಬ್ರಷ್‌ನಿಂದ ಉಜ್ಜಿ, ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯುವ ಎಣ್ಣೆ) ಹೊಡೆದು ರಾತ್ರಿಯಿಡೀ ಬಿಡಿ. 6 ಮೂಲೆಯ ಸಾಕೆಟ್ಟೇ ಇರಲಿ. 12 ಮೂಲೆಯದು ಜಾರಿ ನಟ್ಟಿನ ಅಂಚು ಸವೆಸುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕಿರ್ ಅಂದರೆ ನಿಲ್ಲಿಸಿ. ಮತ್ತೆ ಎಣ್ಣೆ, ಮತ್ತೆ ಹಿಂದೆ-ಮುಂದೆ. ಇಲ್ಲಿ ತಾಳ್ಮೆಯೇ ಜಾಸ್ತಿ ಬೇಕು. ಬೆಂಕಿ ಮಾತ್ರ ಬೇಡವೇ ಬೇಡ, ಪೆಟ್ರೋಲ್ ಟ್ಯಾಂಕ್ ಅಲ್ಲೇ ಮೇಲಿದೆ ಅಲ್ವಾ? ಜೋಡಿಸುವಾಗ ಹೊಸ ನಟ್, ಹೊಸ ಗ್ಯಾಸ್ಕೆಟ್ ಹಾಕಿ, ಮರೆಗಳಿಗೆ ತಾಮ್ರದ ಆಂಟಿ-ಸೀಜ್ (ಮತ್ತೆ ಜಾಮ್ ಆಗದಂತೆ ಹಚ್ಚುವ ಪೇಸ್ಟ್) ಸವರಿ.