ಕೃಷಿ ಹೊಂಡದಾಗ ಹೈಡ್ರೋಜನ್: ನರಗುಂದದ ಓದುಗರಿಗೆ ಸಂಪಾದಕರ ಉತ್ತರ

ನರಗುಂದ ತಾಲೂಕಿನ ರೈತ ಓದುಗರೊಬ್ಬರ ಪತ್ರ: "ಬಿಸಲಿನಾಗ ನೀರು ಒಡದು ಹೈಡ್ರೋಜನ್ ಮಾಡೋ ನ್ಯಾನೋ ಪುಡಿ ಬಗ್ಗೆ ಹೋದ ಸಂಚಿಕೆಯೊಳಗ ಓದಿದೆ. ನಮ್ಮ ಹೊಲದಾಗ 12 ಮೀಟರ್ ಉದ್ದ, 12 ಮೀಟರ್ ಅಗಲದ ಕೃಷಿ ಹೊಂಡ ಐತಿ. ಅದಕ್ಕ ಪುಡಿ ಹಾಕಿ, ಮ್ಯಾಲ ಪ್ಲಾಸ್ಟಿಕ್ ಹೊದಿಸಿ, ಗೋಬರ್ ಗ್ಯಾಸಿನಂಗ ಪೈಪ್ ಜೋಡಿಸಿದ್ರ 5 ಎಚ್‌ಪಿ ಪಂಪ್ ಓಡತೈತೇನ್ರಿ? ಮಹದಾಯಿ ನೀರಿಗೆ ಇಷ್ಟು ವರ್ಷ ಹೋರಾಡಿದ ನಾಡಿನಾಗ ನೀರು ಸುಡೋದು ಸರಿ ಏನು? ಮಗಳು ಧಾರವಾಡದಾಗ ಎಂ.ಎಸ್ಸಿ. ಕೆಮಿಸ್ಟ್ರಿ ಓದಾಕತ್ಯಾಳ. ಆಕಿ ಇದರಾಗ ಮುಂದುವರಿಬಹುದಾ?"

ಮೊದಲು ಪ್ಲಾಸ್ಟಿಕ್ ವಿಷಯ. ದಯವಿಟ್ಟು ಹೊದಿಸಬೇಡಿ. ಗೋಬರ್ ಗ್ಯಾಸಿನ ಗುಂಡಿಯಿಂದ ಬರುವ ಮೀಥೇನ್ ಜೊತೆ ಆಕ್ಸಿಜನ್ ಇರುವುದಿಲ್ಲ. ಪುಡಿ ನೀರನ್ನು ಒಡೆದಾಗ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಬೆರೆತೇ ಮೇಲೆ ಬರುತ್ತವೆ. ಬರಿಯ ಗಾಳಿಯಲ್ಲೇ ನೂರಕ್ಕೆ 4ರಷ್ಟು ಹೈಡ್ರೋಜನ್ ಸೇರಿದರೂ ಅದು ಹೊತ್ತಿಕೊಳ್ಳುತ್ತದೆ. ಈ ಮಿಶ್ರಣದ ಬಲೂನು ಹೊಂಡದ ಮೇಲೆ ಉಬ್ಬಿ ನಿಂತಿರುವಾಗ ಪಕ್ಕದ ಸ್ಟಾರ್ಟರ್ ಡಬ್ಬಿಯಲ್ಲಿ ಒಂದು ಕಿಡಿ ಹಾರಿದರೆ ಮುಗಿಯಿತು.

ಟೋಕಿಯೊ ವಿಶ್ವವಿದ್ಯಾಲಯದ ಕಜುನಾರಿ ಡೊಮೆನ್ ಅವರ ತಂಡ ಇದನ್ನು ನಿಭಾಯಿಸಿದ ರೀತಿ ನೋಡುವಂಥದ್ದು. 2021ರಲ್ಲಿ ಅವರು ವರದಿ ಮಾಡಿದ, ಪುಡಿ ಬಳಿದ ಒಟ್ಟು 100 ಚದರ ಮೀಟರ್ ಫಲಕಗಳಲ್ಲಿ ಗಾಜಿನ ಕೆಳಗೆ ನೀರಿನ ಪದರ ಇರುವುದು 0.1 ಮಿಲಿಮೀಟರ್ ಮಾತ್ರ. ಅಷ್ಟು ಕಿರಿದಾದ ಸಂದಿಯಲ್ಲಿ ಬೆಂಕಿ ಹಬ್ಬಿದರೂ ಅನಾಹುತವಾಗುವುದಿಲ್ಲ. ಬೇಕಂತಲೇ ಕಿಡಿ ಹೊತ್ತಿಸಿ ಅದನ್ನು ಪರೀಕ್ಷಿಸಿಯೂ ಬಿಟ್ಟರು! ಹೈಡ್ರೋಜನ್ನನ್ನು ಬೇರ್ಪಡಿಸಿದ್ದು ಆಮೇಲೆ, ಪೊರೆಯ ಮೂಲಕ ಸೋಸಿ. ಆಳುದ್ದದ ಹೊಂಡಕ್ಕೂ ಆ ಫಲಕಕ್ಕೂ ಹೋಲಿಕೆಯೇ ಇಲ್ಲ.

ಇನ್ನು ಪಂಪಿನ ಲೆಕ್ಕ. ಆ ಫಲಕಗಳು ಮುಟ್ಟಿದ ಗರಿಷ್ಠ ದಕ್ಷತೆ, ಅಂದರೆ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ನಿಗೆ ಸೇರಿದ ಪಾಲು, 0.76 ಶೇಕಡಾ. ನಿಮ್ಮ ಹೊಂಡದ 144 ಚದರ ಮೀಟರಿಗೂ ದಿನವಿಡೀ ಅಷ್ಟೇ ಸಿಕ್ಕಿತು ಅನ್ನೋಣ. ನಮ್ಮ ಕಡೆ ಚದರ ಮೀಟರಿಗೆ ದಿನಕ್ಕೆ 5.5 ಯೂನಿಟ್ ಬಿಸಿಲು ಎಂದು ಹಿಡಿದರೆ ಸಂಜೆಗೆ ಸುಮಾರು 180 ಗ್ರಾಂ ಹೈಡ್ರೋಜನ್, ಅಂದರೆ ಸುಮಾರು 6 ಯೂನಿಟ್ ಶಕ್ತಿ. ಎಂಜಿನ್ನಿಗೆ ಹಾಕಿದರೆ ಕಾಲು ಭಾಗ ಕೈಗೆ ಬಂದೀತು. ಅಷ್ಟರಲ್ಲಿ 5 ಎಚ್‌ಪಿ ಪಂಪ್ ಇಪ್ಪತ್ತು ನಿಮಿಷ ಓಡಿದರೆ ಹೆಚ್ಚು. ಹೊಂಡದ ಐದನೇ ಒಂದು ಪಾಲು ಜಾಗದಲ್ಲಿ ಸೋಲಾರ್ ಫಲಕ ಹಾಕಿದರೆ ಬಿಸಿಲಿರುವಷ್ಟು ಹೊತ್ತೂ ಪಂಪ್ ಓಡುತ್ತದೆ, ರಾತ್ರಿ ಪಾಳಿಯ ತ್ರೀಫೇಸಿಗೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವುದೂ ತಪ್ಪುತ್ತದೆ. ಸೋಲಾರ್ ಪಂಪಿಗೆ ಸಹಾಯಧನ ಕೊಡುವ ಕುಸುಮ್ ಯೋಜನೆಗೆ ಈಗ ಅರ್ಜಿ ಕರೆದಿದ್ದಾರೆಯೇ ವಿಚಾರಿಸಿ.

ಹಾಗಂತ ಪುಡಿ ಕೆಲಸಕ್ಕೆ ಬಾರದ್ದೇನಲ್ಲ. ಬೆಳಕು ಬಿದ್ದಾಗ ಕಣದೊಳಗೆ ಒಂದು ಎಲೆಕ್ಟ್ರಾನ್ ಜಾಗ ಬಿಟ್ಟು ಏಳುತ್ತದೆ. ಅದು ಕಣದ ಮೇಲ್ಮೈ ತಲುಪಿದರೆ ಹೈಡ್ರೋಜನ್ ಹುಟ್ಟುತ್ತದೆ, ಅದು ಬಿಟ್ಟುಹೋದ ಖಾಲಿ ಜಾಗ ಮೇಲ್ಮೈಗೆ ಬಂದರೆ ಆಕ್ಸಿಜನ್. ದಾರಿಯಲ್ಲೇ ಎರಡೂ ಮತ್ತೆ ಕೂಡಿಕೊಂಡರೆ ಸಿಗುವುದು ಬರಿ ಬಿಸಿ. ಕಣ ಚಿಕ್ಕದಾದಷ್ಟೂ ದಾರಿ ಕಡಿಮೆ. ನ್ಯಾನೋ ಗಾತ್ರದ ದೊಡ್ಡ ಲಾಭ ಇದೇ. ಡೊಮೆನ್ ತಂಡ ಅಲ್ಯುಮಿನಿಯಂ ಬೆರೆಸಿದ ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಪುಡಿಯ ಹರಳಿನ ಒಂದು ಬಗೆಯ ಮುಖಗಳ ಮೇಲೆ ರೋಡಿಯಂ, ಇನ್ನೊಂದು ಬಗೆಯವುಗಳ ಮೇಲೆ ಕೋಬಾಲ್ಟ್ ಕೂರಿಸಿ ಎಲೆಕ್ಟ್ರಾನಿಗೂ ಖಾಲಿ ಜಾಗಕ್ಕೂ ಬೇರೆ ಬೇರೆ ಬಾಗಿಲು ತೆರೆಯಿತು. ಹೀರಿದ ಬೆಳಕಿನಲ್ಲಿ ನೂರಕ್ಕೆ 95ರ ಆಸುಪಾಸು ಕೆಲಸಕ್ಕೆ ಬಂತು. ಮತ್ತೆ 0.76 ಯಾಕೆ? ಆ ಪುಡಿ ಬಳಸಿಕೊಳ್ಳುವುದು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಮಾತ್ರ, ಬಿಸಿಲಿನಲ್ಲಿ ಅವುಗಳ ಪಾಲು ಸುಮಾರು ಶೇ 5. 1972ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಜಿಶಿಮಾ ಮತ್ತು ಹೊಂಡಾ ಟೈಟಾನಿಯಂ ಡೈಆಕ್ಸೈಡಿನಿಂದ ಈ ದಾರಿ ತೋರಿಸಿದಾಗಲೂ ಇದೇ ತೊಡಕಿತ್ತು. ನಿಮ್ಮ ಗೋಡೆಯ ಬಿಳಿ ಪೇಂಟಿನಲ್ಲಿ ಇರುವುದೂ ಅದೇ ಪುಡಿ. ಕಣ್ಣಿಗೆ ಕಾಣುವ ಬೆಳಕನ್ನೂ ಹೀರುವ ಇಂಡಿಯಂ ಗ್ಯಾಲಿಯಂ ನೈಟ್ರೈಡ್ ಬಳಸಿ ಮಿಷಿಗನ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಯೋಗಾಲಯದಲ್ಲಿ 9.2, ಹೊರಗೆ ಬಯಲಲ್ಲಿ 6.2 ಶೇಕಡಾ ತೋರಿಸಿದ್ದಾರೆ. ಅದಕ್ಕೆ ಲೆನ್ಸಿನಿಂದ ಒಟ್ಟುಗೂಡಿಸಿದ ಬಿಸಿಲು ಬೇಕಾಯಿತು.

ನೀರಿನ ಚಿಂತೆ ಬಿಡಿ. ಒಂದು ಕಿಲೋ ಹೈಡ್ರೋಜನ್ನಿಗೆ ಒಡೆಯುವ ನೀರು 9 ಲೀಟರ್, ಉರಿದಾಗ ಅಷ್ಟೂ ನೀರಾಗಿಯೇ ವಾಪಸ್. ಮೇಲಿನ ಲೆಕ್ಕದ 180 ಗ್ರಾಮಿಗೆ ಬೇಕಾದದ್ದು ಎರಡು ಲೀಟರಿಗೂ ಕಡಿಮೆ. ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ನಿಮ್ಮ ಹೊಂಡ ಕಳೆದುಕೊಳ್ಳುವುದು 700 ಲೀಟರಿಗೂ ಮಿಕ್ಕಿ! ಮಹದಾಯಿಯ ಜಗಳ ಬೇರೆ, ಅದಕ್ಕೆ ಇದನ್ನು ಎಳೆದು ತರುವುದು ಬೇಡ.

ನನ್ನ ಅಂದಾಜಿನಲ್ಲಿ ಹಸಿರು ಹೈಡ್ರೋಜನ್, ಅಂದರೆ ಬಿಸಿಲು, ಗಾಳಿಯಂಥ ಶಕ್ತಿಯಿಂದ ನೀರು ಒಡೆದು ತೆಗೆದದ್ದು, ನಿಮ್ಮ ಹೊಲಕ್ಕೆ ಬರುವುದಾದರೆ ಪಂಪಿಗಿಂತ ಮೊದಲು ಯೂರಿಯಾ ಚೀಲದಲ್ಲಿ ಬರುತ್ತದೆ. ಯೂರಿಯಾಕ್ಕೆ ಬೇಕಾದ ಅಮೋನಿಯಾದ ಹೈಡ್ರೋಜನ್ನನ್ನು ಈಗ ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ನಿನ ಗುರಿ. ಅದರ ನಂಬಿಕೆ ಮುಖ್ಯವಾಗಿ ಸೋಲಾರ್, ಗಾಳಿಯ ಕರೆಂಟಿನಿಂದ ನೀರು ಒಡೆಯುವ ಎಲೆಕ್ಟ್ರೋಲೈಸರ್ ಮೇಲೆ, ಪುಡಿಯ ಮೇಲಲ್ಲ.

ಮಗಳಿಗೆ ಮಾತ್ರ ಧಾರಾಳವಾಗಿ ಮುಂದುವರಿಯಲು ಹೇಳಿ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರೂ ಇದರಲ್ಲಿ ಕೆಲಸ ಮಾಡಿದ್ದಾರೆ. ಸಂಶೋಧನಾ ಲೇಖನ ಓದುವಾಗ ಆಕೆ ಮೊದಲು ಒಂದನ್ನು ನೋಡಲಿ: ನೀರಿಗೆ ಮೆಥನಾಲ್, ಸೋಡಿಯಂ ಸಲ್ಫೈಡಿನಂಥದ್ದು ಏನಾದರೂ ಬೆರೆಸಿದ್ದಾರೆಯೇ? ಬೆರೆಸಿದರೆ ಹೈಡ್ರೋಜನ್ ಧಾರಾಳವಾಗಿ ಬರುತ್ತದೆ, ಆದರೆ ಖರ್ಚಾಗುವುದು ಆ ರಾಸಾಯನಿಕ. ಹೈಡ್ರೋಜನ್ನಿನ ಅರ್ಧದಷ್ಟು ಆಕ್ಸಿಜನ್ನೂ ಬಂತೆಂದು ಅಳೆದು ತೋರಿಸದ ಲೇಖನವನ್ನು ನೀರು ಒಡೆದ ಲೆಕ್ಕಕ್ಕೆ ಹಿಡಿಯಬಾರದು.

— ಸಂ.